ಹೆಚ್ಚಾದ ಎರಡು ಪುಟ

ಮೊಲ ಸಾಕುವುದು ಹೇಗೆಂದು ಪುಸ್ತಕ ಬರೆದವಳು ಮೊಲವನ್ನು ಮುಟ್ಟಿದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಯಾರದೋ ಕೋಟಿನ ಕಾಲರಿನಲ್ಲಿ. ಹೊಲಿಗೆ ಯಂತ್ರದ ರಿಪೇರಿ ಕುರಿತು ಬರೆದವಳ ಅಂಗಿಯಲ್ಲಿ ಗುಂಡಿ ಇರಬೇಕಾದ ಕಡೆ ಪಿನ್ನು ಇರುತ್ತಿತ್ತು. ನಗುವವರು ನಗಲಿ, ಆದರೆ ಅವಳನ್ನು ಮೋಸಗಾತಿ ಎನ್ನುವಂತಿರಲಿಲ್ಲ. ಬಲ್ಲವರ ಮುಂದೆ ಹೋಗಿ ಕೂತು, ಕೇಳಿದ್ದನ್ನೇ ಮೂರು ಸಲ ಕೇಳಿ, ಅವರಿಗೆ ಸಾಕೋ ಸಾಕು ಎನಿಸಿದ ಮೇಲೆ ಎದ್ದು ಬಂದು, ಆರನೇ ತರಗತಿ ಓದಿದವರಿಗೂ ತಿಳಿಯುವ ಹಾಗೆ ಬರೆಯುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಮೂವತ್ತೊಂದು ಪುಸ್ತಕ. ಬಟ್ಟೆಯ ಕಲೆ ತೆಗೆಯುವುದರಿಂದ ಹಿಡಿದು ಜೇನು ಸಾಕುವುದರವರೆಗೆ ಅವಳು ಮುಟ್ಟದ ವಿಷಯವಿರಲಿಲ್ಲ. ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಕೈಪಿಡಿ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬರೀ ಕೈಪಿಡಿ. ನಾವೂ ಹಾಗೇ ಕರೆಯೋಣ, ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ಕೈಪಿಡಿಗೆ ಇದ್ದದ್ದು ಒಂದೇ ಒಂದು ಜಂಬ. ಕಥೆ ಕಾದಂಬರಿ ಬರೆಯುವವರು ಓದುಗರನ್ನು ಅಳಿಸಿ ನಗಿಸಿ ಏನು ಬೇಕಾದರೂ ಮಾಡಿಕೊಳ್ಳಲಿ, ತನ್ನ ಪುಸ್ತಕ ನಂಬಿದವರದು ಮಾತ್ರ ಇವತ್ತಿನವರೆಗೆ ಏನೂ ಕೆಟ್ಟಿಲ್ಲ ಎಂಬುದು.

ಪುಸ್ತಕ ಮಾಡುವವರಿಗೆ ಒಂದು ಕಟ್ಟಳೆಯಿದೆ, ಓದುವವರಿಗೆ ಅದು ಗೊತ್ತಿರುವುದಿಲ್ಲ. ದೊಡ್ಡ ಹಾಳೆಯೊಂದನ್ನು ಎರಡೂ ಕಡೆ ಅಚ್ಚು ಹಾಕಿ ಮಡಚಿದರೆ ಹದಿನಾರು ಪುಟವಾಗುತ್ತದೆ, ಅದಕ್ಕೆ ಒಂದು ಫಾರಂ ಎನ್ನುತ್ತಾರೆ. ವಿಷಯ ಏನೇ ಇರಲಿ, ಪುಸ್ತಕ ಹದಿನಾರರ ಮಗ್ಗಿಯಲ್ಲಿ ಬಂದು ಕೂರಬೇಕು. ನೂರ ಹನ್ನೆರಡಾದರೆ ಸರಿ, ನೂರ ಇಪ್ಪತ್ತೆಂಟಾದರೂ ಸರಿ. ನೂರ ಮೂವತ್ತಾದರೆ ಪ್ರಕಾಶನದ ಮಾಲೀಕರು ಹುಬ್ಬು ಗಂಟಿಕ್ಕುತ್ತಾರೆ.

ನಾಲ್ಕು ವರ್ಷದ ಹಿಂದೆ ಆದದ್ದು ಅದೇ. ಕೈಪಿಡಿಯ ಎರಡು ತೆಳು ಪುಸ್ತಕಗಳಿದ್ದವು. ಒಂದು ಬೋನ್ಸಾಯ್ ಆರೈಕೆಯದು, ಇನ್ನೊಂದು ಗಿಡಮರಗಳಿಗೆ ಬರುವ ರೋಗ, ಹುಳುಹುಪ್ಪಟೆಗಳ ಪರಿಹಾರದ್ದು. ಎರಡನ್ನೂ ಸೇರಿಸಿ ಒಂದು ದಪ್ಪ ಪುಸ್ತಕ ಮಾಡಿದರೆ ಅಂಗಡಿಯ ಕಪಾಟಿನಲ್ಲಿ ಎದ್ದು ಕಾಣುತ್ತದೆ ಎಂದು ಮಾಲೀಕರಿಗೆ ಹೊಳೆಯಿತು. ಸೇರಿಸಿ ನೋಡಿದರೆ ನೂರ ಮೂವತ್ತು ಪುಟ.

"ಎರಡು ಪುಟ ಹೆಚ್ಚಾಯ್ತು ಮೇಡಂ, ಕತ್ತರಿಸಿ" ಎಂದರು ಮಾಲೀಕರು. "ಬೋನ್ಸಾಯ್ ಪುಸ್ತಕ ಬರೆದೋರಿಗೆ ಕತ್ತರಿ ಹಿಡಿಯೋದು ನಾನು ಹೇಳಿಕೊಡಬೇಕಾ?"

ಅವಳೂ ನಕ್ಕಳು. ಒಂದು ಮಧ್ಯಾಹ್ನವೆಲ್ಲ ಕೂತು ಎಲ್ಲಿ ಕತ್ತರಿಸುವುದೆಂದು ಹುಡುಕಿದಳು. ಚಿತ್ರ ತೆಗೆಯುವಂತಿಲ್ಲ, ಕೋಷ್ಟಕ ಒಡೆಯುವಂತಿಲ್ಲ. ಕೊನೆಗೆ ಕಣ್ಣಿಗೆ ಬಿದ್ದದ್ದು ಎರಡನೇ ಪುಸ್ತಕದ ಮೊದಲಿಗಿದ್ದ 'ಬಳಸುವ ಮುನ್ನ' ಎಂಬ ಮಾತು. ಸರಿಯಾಗಿ ಎರಡು ಪುಟ. ಮುನ್ನುಡಿಯನ್ನು ಯಾರು ತಾನೇ ಓದುತ್ತಾರೆ? ಆ ಪುಸ್ತಕಕ್ಕೆ ವಿಷಯ ಕೊಟ್ಟಿದ್ದ ತೋಟಗಾರಿಕೆಯ ಮೇಷ್ಟ್ರು ಮೇಜು ಕುಟ್ಟಿ ಬರೆಸಿದ್ದರು ಎಂಬುದೇನೋ ನೆನಪಿತ್ತು. ಆದರೆ ಮೇಷ್ಟ್ರು ತೀರಿಕೊಂಡು ವರ್ಷವಾಗಿತ್ತು, ಮೇಜು ಕುಟ್ಟುವವರು ಯಾರೂ ಇರಲಿಲ್ಲ. ಅವಳು ಅದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದಳು.

*

ಕೈಪಿಡಿಯ ಪುಸ್ತಕಗಳನ್ನು ಅಕ್ಷರ ಬಿಡದೆ ಓದುವವರು ಲೋಕದಲ್ಲಿ ಒಬ್ಬರಿದ್ದರು, ಅವಳ ಅಣ್ಣ. ಮೂವತ್ತೊಂದೂ ಪುಸ್ತಕಗಳು ಅವನ ಗಾಜಿನ ಬೀರುವಿನಲ್ಲಿದ್ದವು, ಪ್ರತಿಯೊಂದಕ್ಕೂ ಖಾಕಿ ಹೊದಿಕೆ. ಆ ದಪ್ಪ ಪುಸ್ತಕ ಬಂದಾಗ, ಎಂದೋ ಓದಿ ಮರೆತಿದ್ದ ತೆಳು ಪುಸ್ತಕಗಳೆರಡನ್ನು ಯಾರಿಗೋ ಕೊಟ್ಟು, ಅವುಗಳ ಜಾಗದಲ್ಲಿ ಇದನ್ನಿಟ್ಟಿದ್ದ. ಮೊಲ ಸಾಕುವುದನ್ನೂ ಓದಿದ್ದ, ಮೂರನೇ ಮಹಡಿಯ ಮನೆಯಲ್ಲಿ ಮೊಲ ಎಲ್ಲಿಂದ ಬರಬೇಕು.

ಅಣ್ಣ ಕಾಂಪೌಂಡರ್. ಅಪ್ಪ ಅಮ್ಮ ಬೇಗ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದವನು ಅವನೇ. ನಲವತ್ತು ವರ್ಷ ಒಂದೇ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಣ್ಣ ತಕ್ಕಡಿಯ ಮುಂದೆ ನಿಂತು ಪುಡಿ ತೂಗಿದ್ದ, ಮುಲಾಮು ಅರೆದಿದ್ದ. ನಿವೃತ್ತನಾದ ಮೇಲೂ ಬೆಳಿಗ್ಗೆ ಎರಡು ಗಂಟೆ ಹೋಗಿಬರುತ್ತಿದ್ದ. ಎಳೆಮಕ್ಕಳ ಪುಡಿ ಪೊಟ್ಟಣ ಕಟ್ಟುವುದಕ್ಕೆ ಇವನ ಕೈಯೇ ಬೇಕು ಎಂದು ಅಂಗಡಿಯವರು ಬಿಟ್ಟಿರಲಿಲ್ಲ. ಚಮಚದಲ್ಲಿ ಪುಡಿ ತೆಗೆದು ಕಡ್ಡಿಯಿಂದ ಒಂದು ಸಲ ಮಟ್ಟ ಮಾಡಿದರೆ ಮುಗಿಯಿತು, ತಕ್ಕಡಿಯೇ ನಾಚಬೇಕು. ಅವನ ವೃತ್ತಿಗೆ ಇದ್ದದ್ದು ಒಂದೇ ಶಾಸ್ತ್ರ: ಚೀಟಿಯಲ್ಲಿ ಬರೆದಷ್ಟು, ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ. ಅನುಮಾನ ಬಂತೋ, ಸೀಸೆಯ ಮುಚ್ಚಳ ಹಾಕಿ ಚೀಟಿ ಬರೆದವರನ್ನು ಕೇಳು. ತಾನೇ ತಲೆ ಓಡಿಸಿದ ಕಾಂಪೌಂಡರ್ ಕೊಲೆಗಾರ ಎನ್ನುತ್ತಿದ್ದ.

ಅತ್ತಿಗೆ ಇದಕ್ಕೆ ತದ್ವಿರುದ್ಧ. ಅವಳಿಗೆ ಅಳತೆಯೂ ಇಲ್ಲ, ಪುಸ್ತಕವೂ ಇಲ್ಲ. ಮದುವೆಯಾದ ಹೊಸತರಲ್ಲಿ ಮೆಟ್ಟಿಲ ಪಕ್ಕದ ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದ ಬೆರಳುದ್ದದ ಅತ್ತಿ ಸಸಿಯನ್ನು ಕಿತ್ತು ತಂದು, ಅಡುಗೆಮನೆಯ ಒಡೆದ ಪಿಂಗಾಣಿ ತಟ್ಟೆಯಲ್ಲಿ ನೆಟ್ಟಿದ್ದಳು. ಇಪ್ಪತ್ತಾರು ವರ್ಷ ಅದನ್ನು ಬಗ್ಗಿಸಿದಳು, ಕತ್ತರಿಸಿದಳು, ತಂತಿ ಸುತ್ತಿದಳು, ಬೈದಳು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರಲ್ಲ, ನೋಡು, ನಾನು ಎರಡನ್ನೂ ಬಗ್ಗಿಸಿದೆ" ಎಂದು ಗಂಡನ ಕಡೆ ಕಣ್ಣು ಮಿಟುಕಿಸುತ್ತಿದ್ದಳು. ಮೊಳದೆತ್ತರದ ಆ ಮರದ ಕಾಂಡ ಮುದುಕನ ಮೊಣಕಾಲಿನ ಹಾಗೆ ಗಂಟು ಕಟ್ಟಿತ್ತು. ವರ್ಷಕ್ಕೊಮ್ಮೆ ಕಡಲೆಯ ಗಾತ್ರದ ಹಣ್ಣು ಬಿಡುತ್ತಿತ್ತು. ಒಂದನ್ನು ಕಿತ್ತು ಬಿಡಿಸಿ ನೋಡಿ "ಅತ್ತಿ ಹಣ್ಣು ಬಿಚ್ಚಿದ್ರೆ ಬರೀ ಹುಳ ಅನ್ನೋದು ನನ್ನ ಮರಕ್ಕೆ ಹೇಳಿದ್ದಲ್ಲ" ಎಂದು ಜಂಬ ಪಟ್ಟಿದ್ದಳು. ಅವಳ ಕೈಗುಣ ಅಂಥದ್ದು, ಒಣ ಕಡ್ಡಿ ನೆಟ್ಟರೂ ಚಿಗುರಬೇಕು.

ಎರಡು ವರ್ಷದ ಹಿಂದೆ ಅತ್ತಿಗೆ ಹೋದಳು. ಆಸ್ಪತ್ರೆಯಲ್ಲಿ ಕೊನೆಗೆ ಮಾತು ನಿಲ್ಲುವ ಮುಂಚೆ ಗಂಡನಿಗೆ ಹೇಳಿದ್ದು ಔಷಧಿಯ ವಿಷಯವಲ್ಲ, ದೇವರ ವಿಷಯವೂ ಅಲ್ಲ. "ಮರಕ್ಕೆ ನೀರು ಹಾಕಿದ್ರಾ?" ಎಂದು ಕೇಳಿದ್ದಳು.

ಅಲ್ಲಿಂದ ಮರ ಅಣ್ಣನ ಪಾಲಿಗೆ ಬಂತು. ತನಗೆ ಕೈಗುಣವಿಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೆ ತಂಗಿಯ ಪುಸ್ತಕವಿತ್ತು. ಇಷ್ಟು ಲೋಟ ನೀರು, ಇಷ್ಟು ಹೊತ್ತು ಬಿಸಿಲು, ಇಷ್ಟು ದಿನಕ್ಕೊಮ್ಮೆ ಗೊಬ್ಬರ. ಬಾಲ್ಕನಿಯ ಗೋಡೆಗೆ ಒಂದು ಪಟ್ಟಿ ಅಂಟಿಸಿ ದಿನವೂ ಗುರುತು ಹಾಕುತ್ತಿದ್ದ. ಮರ ಬದುಕಿತು, ಚಿಗುರಿತು ಕೂಡ. ಪ್ರತಿ ಭಾನುವಾರ ತಂಗಿ ಬಂದಾಗ ಅವನು ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಬಾಲ್ಕನಿಗೆ. "ನಿನ್ನ ಅತ್ತಿಗೆ ಕೈಯಿಂದ ಬೆಳೆಸಿದ್ಲು, ನಾನು ನಿನ್ನ ಪುಸ್ತಕದಿಂದ ಉಳಿಸಿದ್ದೀನಿ" ಎನ್ನುತ್ತಿದ್ದ. ಕೈಪಿಡಿಗೆ ಅಂಥ ಬಹುಮಾನವನ್ನು ಬೇರೆ ಯಾರೂ ಕೊಟ್ಟಿರಲಿಲ್ಲ.

*

ಒಂದು ದಿನ ಪ್ರೆಸ್ಸಿನಲ್ಲಿ ಚರಂಡಿ ಪೈಪುಗಳ ಪುಸ್ತಕದ ಕರಡು ತಿದ್ದುತ್ತಿದ್ದಳು. ಚಿತ್ರಗಳ ಸಂಖ್ಯೆ ಒಂದಕ್ಕೊಂದು ತಾಳೆಯಾಗದೆ ತಲೆ ಕೆಟ್ಟು ಹೋಗಿತ್ತು, ಪಕ್ಕದಲ್ಲಿ ಯಂತ್ರ ಬಡಿದುಕೊಳ್ಳುತ್ತಿತ್ತು. ಆಗ ಅಣ್ಣನ ಫೋನು ಬಂತು.

"ಪುಟ್ಟಿ, ಮರಕ್ಕೆ ಹಿಟ್ಟು ತಿಗಣೆ ಬಂದಿದೆ ಕಣೇ. ಎಲೆ ಸಂದೀಲೆಲ್ಲ ಹತ್ತಿ ಅಂಟಿಸಿದ ಹಾಗೆ ಬೆಳ್ಳಗೆ."

"ಪುಸ್ತಕದಲ್ಲಿ ಇದೆ ನೋಡಣ್ಣ."

"ನೋಡಿದೆ, ತೊಂಬತ್ನಾಲ್ಕನೇ ಪುಟ. ಆ ಹರಳು ಔಷಧಿ, ಸಕ್ಕರೆ ಥರ ಇರುತ್ತಲ್ಲ, ತಂದೂ ಇಟ್ಕೊಂಡಿದ್ದೀನಿ. ಒಂದೇ ಅನುಮಾನ. ಬುಡಕ್ಕೆ ಎರಡು ಚಮಚ ಅಂತ ಇದೆ. ಈ ತಟ್ಟೆ ಮಣ್ಣಿಗೂ ಎರಡೇನಾ?"

"ಅಣ್ಣ, ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಮಾಡು. ಮೇಷ್ಟ್ರನ್ನ ಎದುರಿಗೆ ಕೂರಿಸ್ಕೊಂಡು ಬರೆದಿದ್ದು ಅದು."

"ಸರಿ ಹಾಗಾದ್ರೆ. ಬರೆದೋರೇ ಹೇಳಿದ ಮೇಲೆ ಮುಗೀತು."

ಅರ್ಧ ನಿಮಿಷದ ಮಾತು. ಫೋನಿಟ್ಟ ಮೇಲೆ ಹನ್ನೆರಡನೇ ಚಿತ್ರ ಹದಿಮೂರನೆಯದರ ಜಾಗದಲ್ಲಿ ಕೂತಿರುವುದು ಅವಳಿಗೆ ಸಿಕ್ಕಿತು, ಅಬ್ಬ ಎಂದು ಉಸಿರು ಬಿಟ್ಟಳು. ಸಂಜೆಯ ಹೊತ್ತಿಗೆ ಅಣ್ಣ ಫೋನ್ ಮಾಡಿದ್ದೇ ಮರೆತಿತ್ತು.

ಮುಂದಿನ ಭಾನುವಾರ ಹೋದಾಗ ಅಣ್ಣ ಮಗುವಿನ ಹಾಗೆ ಕುಣಿಯುತ್ತಿದ್ದ. ತಿಗಣೆ ಒಂದೂ ಇರಲಿಲ್ಲ. "ಒಂದೇ ಡೋಸಿಗೆ ಸಾಫ್" ಎಂದ. ಅದರ ಮುಂದಿನ ಭಾನುವಾರ ಎಲೆಗಳ ಅಂಚು ಕಂದಿತ್ತು. ಬಿಸಿಲು ಜೋರು ಎಂದುಕೊಂಡರು. ಹದಿನೈದು ದಿನ ಬಿಟ್ಟು ಇನ್ನೊಮ್ಮೆ ಹಾಕಿ ಎಂದು ಪುಸ್ತಕ ಹೇಳಿತ್ತು, ಹದಿನೈದನೇ ದಿನ ಅಣ್ಣ ಕಡ್ಡಿಯಿಂದ ಮಟ್ಟ ಮಾಡಿ ಇನ್ನೂ ಎರಡು ಚಮಚ ಹಾಕಿದ. ಮೂರನೇ ಭಾನುವಾರ ಅವಳು ಬಾಲ್ಕನಿಗೆ ಕಾಲಿಟ್ಟಾಗ ಎಲೆಗಳು ತಟ್ಟೆಯ ಸುತ್ತ ಬಿದ್ದಿದ್ದವು. ಅಣ್ಣ ಅವನ್ನು ಗುಡಿಸಿರಲಿಲ್ಲ, ಎಣಿಸಿದ್ದ.

"ಎಪ್ಪತ್ತೆರಡು" ಎಂದ. "ಯಾಕೆ ಪುಟ್ಟಿ?"

ಅವಳು ಬೀರುವಿನಿಂದ ಪುಸ್ತಕ ತೆಗೆದು ತೊಂಬತ್ನಾಲ್ಕನೇ ಪುಟ ನೋಡಿದಳು. 'ಬುಡದ ಮಣ್ಣು ಕೆದಕಿ, ಮಟ್ಟಸವಾಗಿ ಎರಡು ಚಮಚ ಹರಳು ಔಷಧಿ ಹಾಕಿ, ಚೆನ್ನಾಗಿ ನೀರು ಕೊಡಿ.' ಅವಳದೇ ವಾಕ್ಯ, ಎಲ್ಲೂ ತೊಡಕಿಲ್ಲ. ಆದರೂ ಮೇಷ್ಟ್ರು ಮೇಜು ಕುಟ್ಟಿದ ಸದ್ದು ನೆನಪಾಯಿತು, ಯಾಕೆ ಕುಟ್ಟಿದ್ದರು ಎಂಬುದು ಮಾತ್ರ ನೆನಪಾಗಲಿಲ್ಲ.

ಸೋಮವಾರ ಪ್ರೆಸ್ಸಿಗೆ ಎಲ್ಲರಿಗಿಂತ ಮೊದಲು ಹೋಗಿ, ಹಳೆಯ ಪ್ರತಿಗಳನ್ನು ಕಟ್ಟಿಟ್ಟ ಕಪಾಟನ್ನು ಕೆದಕಿ, ರೋಗ ಕೀಟಗಳ ತೆಳು ಪುಸ್ತಕ ಹುಡುಕಿ ತೆಗೆದಳು. 'ಬಳಸುವ ಮುನ್ನ' ಎಂಬಲ್ಲಿ, ಎರಡನೇ ಪುಟದ ನಡುವೆ, ಹೀಗಿತ್ತು:

'ಈ ಪುಸ್ತಕದ ಅಳತೆಗಳೆಲ್ಲ ನೆಲದಲ್ಲಿ ನಿಂತ ಮರಗಳಿಗೆ. ಕುಂಡದ ಗಿಡಕ್ಕೆ, ಅದರಲ್ಲೂ ತಟ್ಟೆಯಲ್ಲಿ ಬೆಳೆಸಿದ ಕುಬ್ಜ ಮರಕ್ಕೆ, ಇದರ ಇಪ್ಪತ್ತರಲ್ಲಿ ಒಂದು ಪಾಲು ಸಾಕು. ಹೆಚ್ಚಾದ ಮದ್ದನ್ನು ನೆಲ ಹೀರಿಕೊಂಡು ಕ್ಷಮಿಸುತ್ತದೆ. ಕುಂಡ ಕ್ಷಮಿಸುವುದಿಲ್ಲ.'

ಅವಳು ಅಲ್ಲೇ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ಜನ ನಗುತ್ತಾರಲ್ಲ, ಇವಳು ಎತ್ತಿನ ಬರೆಯನ್ನು ಇಲಿಗೆ ಹಾಕಿಸಿದ್ದಳು. ಆಗ ಫೋನಿನ ಮಾತೂ ನೆನಪಾಯಿತು. ಈ ತಟ್ಟೆ ಮಣ್ಣಿಗೂ ಎರಡೇನಾ ಎಂದು ಅಣ್ಣ ಕೇಳಿದ್ದ. ಅವಳು ಮುಖ ಮುಚ್ಚಿಕೊಂಡಳು. ಯಾರೂ ನೋಡುತ್ತಿರಲಿಲ್ಲ, ಆದರೂ ನಾಚಿಕೆಯಾಯಿತು.

*

ಅಂದೇ ಅಣ್ಣನ ಮನೆಗೆ ಓಡಿದಳು. "ಮಣ್ಣು ಬದಲಾಯಿಸಬೇಕು ಅಣ್ಣ, ಈಗಲೇ" ಎಂದಳು, ಯಾಕೆ ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ, ತಂಗಿ ಹೇಳಿದ ಮೇಲೆ ಮುಗಿಯಿತು. ಇಬ್ಬರೂ ಸೇರಿ ಬಚ್ಚಲಿನಲ್ಲಿ ಮರವನ್ನು ತಟ್ಟೆಯಿಂದ ಎತ್ತಿ ಬೇರು ತೊಳೆದರು. ಬೇರನ್ನು ಬೆರಳಲ್ಲಿ ಹಿಡಿದರೆ ಕಂದು ಸಿಪ್ಪೆ ಕೈಗೆ ಬರುತ್ತಿತ್ತು, ಒಳಗೆ ಬರೀ ನಾರು. ಎಲ್ಲೋ ಮೂರು ನಾಲ್ಕು ಎಳೆ ಮಾತ್ರ ಬೆಳ್ಳಗಿದ್ದವು. ಮೂವತ್ತೊಂದು ಪುಸ್ತಕ ಬರೆದವಳು ಮೊದಲ ಸಲ ಮಣ್ಣಿಗೆ ಕೈ ಹಾಕಿದ್ದು ಅವತ್ತು. ಮರಳು ಬೆರೆಸಿದ ಹೊಸ ಮಣ್ಣು ತುಂಬಿ, ನೆರಳಿನಲ್ಲಿಟ್ಟು, ಪ್ಲಾಸ್ಟಿಕ್ ಚೀಲ ಮುಚ್ಚಿ ಕೈ ತೊಳೆದುಕೊಂಡರು.

ಟೀ ಕುಡಿಯುವಾಗ ಅಣ್ಣ ತನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿ ನೋಡುತ್ತಿದ್ದ.

"ನನ್ನ ಕೈಯೇ ಇರಬೇಕು ಪುಟ್ಟಿ."

"ಏನು?"

"ಲೆಕ್ಕ ಹಾಕಿ ನೋಡಿದೆ. ಚೀಟಿ ಸರಿ, ನಿನ್ನ ಪುಸ್ತಕ ಅದು. ಔಷಧಿ ಸರಿ, ಡಬ್ಬಿ ಮೇಲೆ ತಾರೀಖು ನೋಡ್ಕೊಂಡೇ ತಂದಿದ್ದು. ಉಳಿದಿದ್ದು ಕೈ ಒಂದೇ. ಹಾಕೋವಾಗ ನಡುಗಿ ಹೆಚ್ಚು ಬಿದ್ದಿರಬೇಕು. ವಯಸ್ಸಾಯ್ತಲ್ಲ, ನಮಗೇ ಗೊತ್ತಾಗಲ್ಲ."

ಹೇಳಬೇಕಾದದ್ದು ಆಗಲೇ. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅಣ್ಣನ ಹಿಂದೆ ಗಾಜಿನ ಬೀರು ಇತ್ತು, ಖಾಕಿ ಹೊದಿಕೆಯ ಮೂವತ್ತೊಂದು ಪುಸ್ತಕಗಳು ಸಾಲಾಗಿ ನಿಂತಿದ್ದವು. ಮರ ಹೇಗೂ ಚಿಗುರುತ್ತದೆ, ಚಿಗುರಿದ ಮೇಲೆ ನಗುತ್ತಾ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ಹಾಗೇನಿಲ್ಲ ಬಿಡಣ್ಣ" ಎಂದಳು. ಹೇಡಿಗಳು ಆಡುವ ಮಾತೆಂದರೆ ಇದೇ: ಸುಳ್ಳೂ ಅಲ್ಲ, ನಿಜವೂ ಅಲ್ಲ.

ಮರುದಿನ ಮಾಲೀಕರ ಕೋಣೆಗೆ ಹೋಗಿ ನಿಂತಳು. ಬಿಟ್ಟುಹೋದ ಮಾತನ್ನು ಒಂದು ಚೀಟಿಯಲ್ಲಾದರೂ ಅಚ್ಚು ಹಾಕಿಸಿ ಪ್ರತಿ ಪುಸ್ತಕದೊಳಗೂ ಇಡಬೇಕು ಎಂದಳು.

"ಮೂರನೇ ಮುದ್ರಣ ಹೋದ ವಾರವೇ ಹೊರಟುಹೋಯ್ತಲ್ಲ ಮೇಡಂ. ಈಗ ಯಾವ ಊರಿನ ಯಾವ ಅಂಗಡೀಲಿದೆಯೋ."

"ಇನ್ನೂ ಮೂಟೆ ಬಿಚ್ಚಿರಲ್ಲ ಸಾರ್. ಕಾಗದ ಬರೆಯೋಣ."

"ಏನಂತ? ನಮ್ಮ ಪುಸ್ತಕ ಓದಿದ್ರೆ ಗಿಡ ಸಾಯುತ್ತೆ ಅಂತಾನಾ?" ಮಾಲೀಕರು ಕೆಟ್ಟವರಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. "ನಾಲ್ಕು ವರ್ಷ ಆಯ್ತು. ಗಿಡ ಸತ್ತುಹೋಯ್ತು ಅಂತ ಒಂದಾದರೂ ಕಾಗದ ಬಂದಿದೆಯಾ, ನೀವೇ ಹೇಳಿ."

ಬಂದಿರಲಿಲ್ಲ. ಅದಕ್ಕೆ ಉತ್ತರವೂ ಅವಳಿಗೆ ಈಗ ಗೊತ್ತಿತ್ತು. ಗಿಡ ಸತ್ತರೆ ಯಾರೂ ಕಾಗದ ಬರೆಯುವುದಿಲ್ಲ. ಒಣಗಿದ್ದನ್ನು ಕಸದ ಬುಟ್ಟಿಗೆ ಹಾಕಿ, ನಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಹೊಸ ಗಿಡ ತಂದು, ಅದೇ ಪುಸ್ತಕವನ್ನು ಇನ್ನೂ ಶ್ರದ್ಧೆಯಿಂದ ಓದುತ್ತಾರೆ. ಅಂಥ ಮನೆಗಳು ಎಷ್ಟಿರಬಹುದೋ, ಎಷ್ಟು ಬಾಲ್ಕನಿ, ಎಷ್ಟು ಕಿಟಕಿ. ತನ್ನ ಪುಸ್ತಕ ನಂಬಿದವರದು ಏನೂ ಕೆಟ್ಟಿಲ್ಲ ಎಂಬ ಜಂಬ ಅವಳಿಗೆ ಹೇಗೆ ಬಂದಿತ್ತು ಎಂಬುದೂ ಈಗ ತಿಳಿಯಿತು.

"ಮುಂದಿನ ಮುದ್ರಣಕ್ಕೆ ನೋಡೋಣ" ಎಂದರು ಮಾಲೀಕರು. "ಆದರೆ ಮೇಡಂ, ನೂರ ಇಪ್ಪತ್ತೆಂಟು ದಾಟಬಾರದು."

*

ಮರ ಚಿಗುರಲಿಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಉಸಿರಿನಂತೆ ಹಬೆ ಕಟ್ಟುತ್ತಿತ್ತು ಅಷ್ಟೆ. ಅವಳು ಎರಡು ದಿನಕ್ಕೊಮ್ಮೆ ಹೋಗಿ ನೋಡುತ್ತಿದ್ದಳು. ಒಮ್ಮೆ ಕೊಂಬೆಯ ತುದಿಯಲ್ಲಿ ಕೆಂಪಗೆ ಏನೋ ಕಂಡು ಇಬ್ಬರೂ ಬಗ್ಗಿ ನೋಡಿದರೆ ಅದು ಜೇಡದ ಮರಿ.

ನಾಲ್ಕನೇ ವಾರ ಬೆಳಿಗ್ಗೆ ಹೋದಾಗ ಅಣ್ಣ ಮನೆಯಲ್ಲೇ ಇದ್ದ. ಆ ಹೊತ್ತಿಗೆ ಅವನು ಅಂಗಡಿಯಲ್ಲಿರಬೇಕಿತ್ತು.

"ಯಾಕಣ್ಣ, ಹುಷಾರಿಲ್ವಾ?"

"ಬಿಟ್ಟೆ."

"ಏನು ಬಿಟ್ಟೆ?"

"ಅಂಗಡಿ. ಹೋದ ವಾರ ಹೇಳಿ ಬಂದೆ." ತರಕಾರಿ ಅಂಗಡಿ ಬದಲಾಯಿಸಿದೆ ಎನ್ನುವ ಹಾಗೆ ಹೇಳಿದ. "ಗಿಡಕ್ಕೆ ತಪ್ಪಿದ ಕೈ ಮಗೂಗೆ ತಪ್ಪಲ್ಲ ಅಂತ ಏನು ಗ್ಯಾರಂಟಿ? ಪೊಟ್ಟಣ ಕಟ್ಟೋವಾಗ ಎದೆ ಡವಡವ ಅನ್ನೋಕೆ ಶುರುವಾಯ್ತು. ಒಂದೊಂದನ್ನೂ ಮೂರು ಸಲ ತೂಗ್ತಿದ್ದೆ. ಹೊರಗೆ ಕಾಯೋರು ಬೈತಿದ್ರು."

"ಅಂಗಡಿಯವರು ಏನಂದ್ರು?"

"ಬೇಡ ಅಂದ್ರು ಮೊದಲು. ಆಮೇಲೆ ಸರಿ ಅಂದ್ರು. ಈಗೆಲ್ಲ ರೆಡಿ ಪೊಟ್ಟಣ ಬರುತ್ತಲ್ಲ, ಅದನ್ನೇ ತರಿಸ್ತಾರಂತೆ. ತಕ್ಕಡಿ ಯಾರಿಗೋ ಕೊಟ್ಟುಬಿಟ್ರು."

ಮರಕ್ಕೆ ಆದದ್ದು ಕೈಪಿಡಿಯ ಅಜಾಗರೂಕತೆ. ಇದು ಹಾಗಲ್ಲ. ಇದು ನಾಲ್ಕು ವಾರ ಬಾಯಿ ಮುಚ್ಚಿಕೊಂಡಿದ್ದರ ಫಲ. ಅವತ್ತು ಟೀ ಲೋಟ ಕೆಳಗಿಟ್ಟು ಎರಡು ವಾಕ್ಯ ಹೇಳಿದ್ದರೆ ಅಣ್ಣ ಈಗ ಬಿಳಿ ಕೋಟು ಹಾಕಿಕೊಂಡು ಹಿಂದಿನ ಕೋಣೆಯಲ್ಲಿ ನಿಂತಿರುತ್ತಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಸುಮ್ಮನೆ ಹೇಳಿಲ್ಲ.

"ಬಾ, ಮರ ನೋಡೋಣ" ಎಂದು ಅವನೇ ಎದ್ದ.

ಅಣ್ಣ ಚೀಲ ತೆಗೆದ. ಪುಸ್ತಕದ ನಲವತ್ತನೇ ಪುಟದಲ್ಲಿ ಇದ್ದ ಹಾಗೆ ಉಗುರಿನಿಂದ ಕಾಂಡದ ತೊಗಟೆಯನ್ನು ತುಸು ಕೆರೆದು ನೋಡಿದ. ಜೀವವಿದ್ದರೆ ಒಳಗೆ ಹಸಿರು ಕಾಣಬೇಕು. ಕಾಣಲಿಲ್ಲ. ಒಂದು ಬೆರಳು ಕೆಳಗೆ ಕೆರೆದ, ಬುಡದಲ್ಲಿ ಕೆರೆದ. ಎಲ್ಲ ಕಡೆಯೂ ಬೆಂಕಿಕಡ್ಡಿಯ ಬಣ್ಣ. ಅತ್ತಿಗೆ ಇಪ್ಪತ್ತಾರು ವರ್ಷ ಸಾಕಿದ ಮರ ಯಾವಾಗ ಸತ್ತಿತು ಎಂಬುದೂ ಅವರಿಗೆ ತಿಳಿಯಲಿಲ್ಲ. ಬಹುಶಃ ವಾರಗಟ್ಟಲೆ ಒಣಗಿದ ಕಟ್ಟಿಗೆಗೆ ನೀರು ಹಾಕುತ್ತಿದ್ದರು.

"ಹೋಯ್ತು" ಎಂದ ಅಣ್ಣ. "ಅವಳು ಕೇಳಿದ್ದೇ ಒಂದು."

ಆಗ ಅವಳು ಹೇಳಿದಳು. ನಿಂತುಕೊಂಡೇ, ಗೋಡೆಯ ಪಟ್ಟಿಯನ್ನು ನೋಡುತ್ತಾ, ಎಲ್ಲವನ್ನೂ ಹೇಳಿದಳು. ಫಾರಂ, ನೂರ ಮೂವತ್ತು ಪುಟ, ಮೇಷ್ಟ್ರ ಮಾತು, ತಾನು ಎಳೆದ ಗೀಟು. ಇಪ್ಪತ್ತರಲ್ಲಿ ಒಂದು ಪಾಲು ಸಾಕಿತ್ತು ಎಂದು. ಎಲೆ ಉದುರಿದ್ದು ನೋಡಿದ ಮರುದಿನವೇ ತಿಳಿದಿತ್ತು, ಹೇಳಲು ಬಾಯಿ ಬರಲಿಲ್ಲ ಎಂದು. ತನ್ನ ಹೆಗಲ ಚೀಲದಲ್ಲಿ ವಾರಗಳಿಂದ ಇಟ್ಟುಕೊಂಡು ತಿರುಗುತ್ತಿದ್ದ ತೆಳು ಪುಸ್ತಕವನ್ನು ತೆಗೆದು ಅವನ ಕೈಗೆ ಕೊಟ್ಟಳು.

ಅಣ್ಣ ಕನ್ನಡಕ ಹಾಕಿಕೊಂಡು ಎರಡೂ ಪುಟಗಳನ್ನು ಪೂರ್ತಿ ಓದಿದ. ಅವನು ಚೀಟಿ ಓದುತ್ತಿದ್ದದ್ದೇ ಹಾಗೆ, ತುಟಿ ಅಲುಗಿಸುತ್ತಾ. ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ನಾನು ನಿನಗೆ ಫೋನ್ ಮಾಡಿದ್ದೆ ಅಂತ ನೆನಪು" ಎಂದ ಪುಸ್ತಕ ಮುಚ್ಚಿ. "ಮಾಡಿದ್ದೆ ತಾನೇ? ಈಚೆಗೆ ಅದೂ ಅನುಮಾನ. ಕೇಳದೆ ಹಾಕಿಬಿಟ್ಟೆನಾ ಅಂತ."

"ಮಾಡಿದ್ದೆ ಅಣ್ಣ."

"ಈ ತಟ್ಟೆಗೂ ಎರಡೇನಾ ಅಂತ ಕೇಳಿದೆ."

"ಕೇಳಿದೆ."

"ನೀನು ಹೂಂ ಅಂದೆ."

"ಪುಸ್ತಕದಲ್ಲಿ ಇದ್ದ ಹಾಗೆ ಮಾಡು ಅಂದೆ."

ಅವನು ತಲೆದೂಗಿದ. ಮುಖದ ಮೇಲೆ ಒಂದು ಗಳಿಗೆ ಏನೋ ಬೆಳಗಿತು, ಅದನ್ನು ನೋಡಿ ಅವಳಿಗೆ ಅಳು ಬಂತು.

"ಹಾಗಾದ್ರೆ ಕೈ ಸರಿಯಾಗೇ ಇತ್ತು" ಎಂದ.

ಒಳಗೆ ಹೋಗಿ ಹಳೆಯ ಸ್ಟೀಲ್ ಚಮಚ ಮತ್ತು ಕಡ್ಡಿ ತಂದ. ತಟ್ಟೆಯ ಪಕ್ಕದಲ್ಲಿ ಮಿಕ್ಕಿದ್ದ ಒಣ ಮರಳಿನಿಂದ ಒಂದು ಚಮಚ ತುಂಬಿಕೊಂಡು, ನಲವತ್ತು ವರ್ಷ ಮಾಡಿದ ಹಾಗೆ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದ. ಮಟ್ಟ ಮಾಡಲು ಕಡ್ಡಿ ಎತ್ತಿದ. ಚಮಚ ನಡುಗಿತು. ಕಡ್ಡಿ ತಾಗುವ ಮೊದಲೇ ಮರಳು ಅಂಚಿನಿಂದ ಸುರಿಯತೊಡಗಿತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದ, ಆದರೂ ನಿಲ್ಲಲಿಲ್ಲ. ಇನ್ನೊಂದು ಚಮಚ ತುಂಬಿದ. ಅದೂ ಹಾಗೇ ಆಯಿತು.

"ಅಣ್ಣ, ಸಾಕು."

"ಆಗ ನಡುಗ್ತಿರಲಿಲ್ಲ ಪುಟ್ಟಿ" ಎಂದ ಅವನು. "ನಿಜವಾಗ್ಲೂ ನಡುಗ್ತಿರಲಿಲ್ಲ."

"ಗೊತ್ತು ಅಣ್ಣ."

ಅವನು ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟ. ಸತ್ತ ಮರವನ್ನೂ ತಂಗಿಯನ್ನೂ ನೋಡಲಿಲ್ಲ, ಚೆಲ್ಲಿದ ಮರಳನ್ನು ಅಂಗೈಯಿಂದ ಒಟ್ಟು ಮಾಡುತ್ತಾ ಕೇಳಿದ.

"ಆ ಎರಡು ಪುಟ ಈಗ ಪುಸ್ತಕಕ್ಕೆ ಸೇರಿಸಿದ್ರಾ?"

"ಇಲ್ಲ ಅಣ್ಣ" ಎಂದಳು. ಅವನು ಮತ್ತೆ ಮರಳು ಬಳಿಯತೊಡಗಿದ.